ತಡಿಯಂಡಮೋಳ್ ದಾರಿಯಲ್ಲಿ ಇಬ್ಬರು ಮಕ್ಕಳು: ಒಂದಕ್ಕೆ, ಎರಡಕ್ಕೆಯ ಒಂದು ದಿನದ ಲೆಕ್ಕ

ಜನವರಿ ತಿಂಗಳು, ಕೊಡಗಿನ ಕಕ್ಕಬ್ಬೆ. ಗಂಡ, ಹೆಂಡತಿ, 7 ವರ್ಷದ ಮಗಳು, ಮೂರೂವರೆ ವರ್ಷದ ಮಗ. ಹಿಂದಿನ ರಾತ್ರಿ ಹೋಂಸ್ಟೇಯಲ್ಲಿ ತಂಗಿದ್ದಾರೆ. ಬೆಳಿಗ್ಗೆ ನಾಲ್ಕುನಾಡು ಅರಮನೆಯ ಬಳಿಯಿಂದ ತಡಿಯಂಡಮೋಳ್ ಕಡೆ ನಡೆಯಬೇಕು. ಶಿಖರ 1748 ಮೀಟರ್, ಕೊಡಗಿನಲ್ಲೇ ಎತ್ತರದ್ದು. ಈ ವಯಸ್ಸಿನ ಮಕ್ಕಳನ್ನು ತುದಿಯವರೆಗೂ ಹತ್ತಿಸುವ ಹಟ ಅವರಿಗಿಲ್ಲ. ಕಾಫಿ ತೋಟ ದಾಟಿ, ಶೋಲಾ ಕಾಡು (ಬೆಟ್ಟದ ಮಡಿಲುಗಳಲ್ಲಿ ಬೆಳೆಯುವ ದಟ್ಟ ಹಸಿರು ಕಾಡು) ದಾಟಿ, ಹುಲ್ಲುಗಾವಲು ತೆರೆದುಕೊಳ್ಳುವ ಕಡೆ ಬುತ್ತಿ ಬಿಚ್ಚಿ ಉಂಡು ವಾಪಸ್ ಬರುವುದು. ಹೋಗಿ ಬರಲು ಹತ್ತಿರ ಹತ್ತಿರ 8 ಕಿಲೋಮೀಟರ್, ಮಕ್ಕಳ ಕಾಲಲ್ಲಿ 6 ಗಂಟೆ. ಈ 6 ಗಂಟೆಗೆ ಶೌಚಾಲಯ ಸಿಗುವುದಿಲ್ಲ ಎಂದೇ ಲೆಕ್ಕ ಹಾಕಬೇಕು.

ಇದು ಯಾವುದೋ ಒಂದು ಮನೆಯ ಕಥೆಯಲ್ಲ. ಚಿಕ್ಕ ಮಕ್ಕಳ ಜೊತೆ ಇಂಥ ದಾರಿ ಹಿಡಿಯುವ ಕುಟುಂಬಗಳಲ್ಲಿ ಮತ್ತೆ ಮತ್ತೆ ಆಗುವ ಎಡವಟ್ಟುಗಳನ್ನು ಒಂದೇ ದಿನಕ್ಕೆ ಕೂಡಿಸಿ ಬಿಡಿಸಿ ನೋಡಿದ್ದೇವೆ. ಈ ದಾರಿಯನ್ನೇ ಆರಿಸಿಕೊಳ್ಳಲು ಕಾರಣವಿದೆ. ತೋಟ, ತೊರೆ, ದಟ್ಟ ಕಾಡು, ಬಟ್ಟ ಬಯಲು ನಾಲ್ಕೂ ಅರ್ಧ ದಿನದೊಳಗೆ ಎದುರಾಗುತ್ತವೆ, ನಾಲ್ಕೂ ಕಡೆ ಮಾಡಬೇಕಾದ್ದು ಬೇರೆ ಬೇರೆ.

ಆ ದಿನ ಆದದ್ದು

ಮಗ 6:45ಕ್ಕೆ ಎದ್ದ. ಚಳಿ. ಹೋಂಸ್ಟೇಯ ಕಮೋಡಿನ ಮೇಲೆ ಕೂರಿಸಿದರೆ ಕಾಲು ನೆಲಕ್ಕೆ ಎಟುಕದೆ ತೂಗಾಡುತ್ತಿದ್ದವು. ಒಂದು ನಿಮಿಷ ಕೂತು “ಬರ್ತಿಲ್ಲ” ಎಂದು ಇಳಿದ. ಸರಿ, ಹೋಗಲಿ ಬಿಡು ಎಂದರು. 7:30ಕ್ಕೆ ಅಕ್ಕಿ ರೊಟ್ಟಿ, ಬಾಳೆಹಣ್ಣು, ಒಂದು ಲೋಟ ಬಿಸಿ ಹಾಲು. 7:50ಕ್ಕೆ ಕಾರು ಹತ್ತಿದರು. 8:10ಕ್ಕೆ ನಡಿಗೆ ಶುರು. 8:25ಕ್ಕೆ, ಕಾಫಿ ತೋಟದ ನಡುವೆ, ಹುಡುಗ ಮಾತು ನಿಲ್ಲಿಸಿ, ಮುಖ ಬಿಗಿದು, ಕಾಲು ಜೋಡಿಸಿ ನಿಂತ. ಎರಡಕ್ಕೆ.

ಕೊಯ್ಲಿನ ಕಾಲ. ಗಿಡದ ಬುಡಕ್ಕೆ ಟಾರ್ಪಾಲು ಹಾಸಿಕೊಂಡು ಜನ ಹಣ್ಣು ಬಿಡಿಸುತ್ತಿದ್ದರು. ಅಪ್ಪ ಮಗುವನ್ನು ಎತ್ತಿಕೊಂಡು ಜನ ಕಾಣದ ಕಡೆ ಓಡಿದ. ಸಿಕ್ಕಿದ್ದು ತೊರೆಯ ಪಕ್ಕದ ತಗ್ಗು. ನೀರೂ ಅಲ್ಲೇ ಇದೆಯಲ್ಲ ಎಂದು ದಡದ ಕಲ್ಲಿನ ಮೇಲೆ ಕೂರಿಸಿದ, ತೊರೆಯಲ್ಲೇ ತೊಳೆಸಿದ, ವೆಟ್ ವೈಪ್ಸ್ ಎರಡನ್ನು ಕಲ್ಲಿನ ಕೆಳಗೆ ತುರುಕಿದ, ಕೈಗೆ ಸ್ಯಾನಿಟೈಸರ್ ಸವರಿಕೊಂಡ. ಹತ್ತು ನಿಮಿಷದ ಮೇಲೆ ಅದೇ ಕೈಯಲ್ಲಿ ಇಬ್ಬರಿಗೂ ಬಿಸ್ಕತ್ತು ಕೊಟ್ಟ.

10:15ಕ್ಕೆ ಶೋಲಾದೊಳಗೆ “ಸುಸ್ಸು ಬೇಕಾ ಪುಟ್ಟಾ?” ಎಂದು ಅಮ್ಮ ಕೇಳಿದಳು. “ಬೇಡ.” ಐದು ನಿಮಿಷಕ್ಕೆ ಪ್ಯಾಂಟು ಒದ್ದೆ, ಕಾಲುಚೀಲ ಒದ್ದೆ. ಬದಲಿ ಪ್ಯಾಂಟು ಇತ್ತು. ಕಾಲುಚೀಲ ಇರಲಿಲ್ಲ.

ಮಗಳದ್ದು ಸದ್ದಿಲ್ಲದ ತೊಂದರೆ. ಹೊರಡುವ ಮೊದಲೇ “ದಾರೀಲಿ ಟಾಯ್ಲೆಟ್ ಇದ್ಯಾ ಅಮ್ಮಾ?” ಎಂದು ಕೇಳಿದ್ದಳು. ಇಲ್ಲ ಎಂದು ಗೊತ್ತಾದ ಮೇಲೆ ನೀರು ಕುಡಿಯುವುದನ್ನೇ ಬಿಟ್ಟಳು. ಬಾಟಲಿ ಕೊಟ್ಟಾಗಲೆಲ್ಲ ತುಟಿ ಒದ್ದೆ ಮಾಡಿ ವಾಪಸ್ ಕೊಡುತ್ತಿದ್ದಳು, ಯಾರೂ ಗಮನಿಸಲಿಲ್ಲ. ಬೆಳಿಗ್ಗೆ 7ಕ್ಕೆ ಹೋಗಿದ್ದು ಬಿಟ್ಟರೆ 11:30ರವರೆಗೆ ಹೋಗಿರಲಿಲ್ಲ. ಹುಲ್ಲುಗಾವಲಿಗೆ ಬಂದಾಗ ತಲೆನೋವು, ಕೆಳಹೊಟ್ಟೆ ಬಿಗಿತ. ಅಲ್ಲಿ ಮೊಣಕಾಲೆತ್ತರದ ಮರೆಯೂ ಇಲ್ಲ. ಮೇಲಿಂದ ಇಳಿಯುತ್ತಿದ್ದ ಕಾಲೇಜು ಹುಡುಗರ ಗುಂಪು ಕಾಣುತ್ತಿತ್ತು. “ಯಾರೂ ನೋಡಲ್ಲ, ಕೂತ್ಕೋ” ಎಂದಳು ಅಮ್ಮ. ನೋಡುವವರು ಎದುರಿಗೇ ಇದ್ದರು. ಬಿಗಿ ಲೆಗ್ಗಿಂಗ್ಸನ್ನು ತೊಡೆಯವರೆಗೆ ಮಾತ್ರ ಇಳಿಸಿ, ಅರ್ಧ ಬಗ್ಗಿ ನಿಂತು, ಸ್ವಲ್ಪ ಮಾಡಿ, ಬಟ್ಟೆಗೂ ತಾಗಿಸಿಕೊಂಡು ಎದ್ದುಬಿಟ್ಟಳು. ಇಳಿಯುವ ದಾರಿಯುದ್ದಕ್ಕೂ ತೊಡೆ ಸಂದು ಉರಿ.

ಹೊರಡುವ ಮೊದಲೇ ಕೆಟ್ಟಿದ್ದು

ಮಗನ ವಿಷಯದಲ್ಲಿ ತಪ್ಪು ನಡೆದದ್ದು ತೋಟದಲ್ಲಲ್ಲ, ತಿಂಡಿಯ ಮೇಜಿನಲ್ಲಿ. ಹೊಟ್ಟೆಗೆ ಆಹಾರ ಬಿದ್ದ ಕೂಡಲೇ ದೊಡ್ಡ ಕರುಳು ಅಲುಗಾಡಿ ಮೊದಲಿನದ್ದನ್ನು ಕೆಳಕ್ಕೆ ತಳ್ಳುತ್ತದೆ. ಚಿಕ್ಕ ಮಕ್ಕಳಲ್ಲಿ ಇದು ಜೋರು. ಬೆಳಗಿನ ಮೊದಲ ಊಟಕ್ಕೆ, ಅದರಲ್ಲೂ ಬಿಸಿ ಹಾಲಿಗೆ, ಇನ್ನೂ ಜೋರು. ತಿಂದ 15ರಿಂದ 45 ನಿಮಿಷದೊಳಗೆ ಒತ್ತಡ ಬರುವುದು ಸಾಮಾನ್ಯ. 7:30ಕ್ಕೆ ತಿಂದು 7:50ಕ್ಕೆ ಹೊರಟರೆ ಆ ಹೊತ್ತು ಸರಿಯಾಗಿ ಕಾರಿನಲ್ಲೋ ದಾರಿಯಲ್ಲೋ ಬೀಳುತ್ತದೆ. ತಿಂಡಿಯನ್ನು 6:45ಕ್ಕೆ ಇಟ್ಟು, 7:10ಕ್ಕೆ ಮತ್ತೆ ಒಂದು ಸಲ ಕೂರಿಸಿದ್ದರೆ ಆಗುವ ಸಾಧ್ಯತೆ ಹೆಚ್ಚಿತ್ತು. ತಿನ್ನುವ ಮೊದಲು ಕೂರಿಸಿ “ಬರ್ತಿಲ್ಲ” ಅನ್ನಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ. ಬರಲು ಅವನಿಗೆ ಇನ್ನೂ ಕಾರಣವೇ ಸಿಕ್ಕಿರಲಿಲ್ಲ.

ಎರಡನೆಯದು ಕಾಲು. ಪಾದಕ್ಕೆ ಆಧಾರವಿಲ್ಲದೆ ತೂಗಾಡಿದರೆ ಮಗು ಹೊಟ್ಟೆಗೆ ಒತ್ತಡ ಹಾಕಲಾರದು, ಬೀಳುವ ಹೆದರಿಕೆಗೆ ಇಡೀ ಮೈ ಬಿಗಿ ಹಿಡಿಯುತ್ತದೆ. ಬಕೆಟ್ಟನ್ನು ಬೋರಲು ಹಾಕಿ ಪಾದ ಊರಲು ಕೊಟ್ಟರೆ ಸಾಕು, ಮೊಣಕಾಲು ಸೊಂಟಕ್ಕಿಂತ ಸ್ವಲ್ಪ ಮೇಲೆ ಬರಬೇಕು. ಸೀಟು ತಣ್ಣಗಿದ್ದರೆ ಬಿಸಿನೀರು ಹೊಯ್ದು ಒರೆಸಿ. ಐದು ನಿಮಿಷ ಕೂರಲಿ. ಪಕ್ಕದಲ್ಲಿ ಕುಳಿತು ಮಾತಾಡಿ, ಅವಸರ ಮಾಡಬೇಡಿ.

ಮನೆಯಿಂದ ಹೊರಗೆ ಬಂದ ಮೊದಲ ದಿನ ಮಕ್ಕಳಿಗೆ ಆಗದೇ ಹೋಗುವುದೂ ಉಂಟು. ಹಿಂದಿನ ದಿನದ ಪಯಣದಲ್ಲಿ ಕುರುಕಲು ತಿಂಡಿ, ಕಡಿಮೆ ನೀರು, ಹೊಸ ಜಾಗ ಎಲ್ಲ ಸೇರಿ ಮಲ ಗಟ್ಟಿಯಾಗುತ್ತದೆ. ಅದಕ್ಕೇ ಉದ್ದದ ನಡಿಗೆಯನ್ನು ತಲುಪಿದ ಮಾರನೆಯ ದಿನವೇ ಇಡದೆ ಒಂದು ದಿನ ಬಿಟ್ಟು ಇಡುವುದು ಜಾಣತನ. ಈ ಕುಟುಂಬಕ್ಕೆ ಎರಡೇ ದಿನ ರಜೆ ಇತ್ತು ಎನ್ನಿ, ಆಗ ಹಿಂದಿನ ರಾತ್ರಿ ಅನ್ನ, ಸಾರು, ಪಲ್ಯ, ಬಾಳೆಹಣ್ಣು, ಬೇಕಾದಷ್ಟು ನೀರು. ಚಿಪ್ಸು, ಬೇಕರಿ ತಿಂಡಿ ಬೇಡ.

ತೊರೆಯ ದಡ ಯಾಕೆ ಬೇಡ

ಅಪ್ಪ ಮಾಡಿದ್ದು ಕೆಟ್ಟ ಬುದ್ಧಿಯಿಂದಲ್ಲ. ನಾವು ನೀರು ಬಳಸುವವರು, ನೀರಿದ್ದ ಕಡೆಗೆ ಕಾಲು ತಾನಾಗಿ ಹೋಗುತ್ತದೆ. ಹಿಂದೆ ಚೊಂಬು ಹಿಡಿದು ಕೆರೆಯಂಚಿಗೆ ಹೋಗುತ್ತಿದ್ದ ರೂಢಿ ಇನ್ನೂ ನೆನಪಿನಲ್ಲಿದೆ. ಆದರೆ ಇಲ್ಲಿನ ತೊರೆಗಳು ಕೆಳಗೆ ತೋಟದ ಟ್ಯಾಂಕಿಗೆ, ಲೈನ್‌ಮನೆಗಳಿಗೆ (ತೋಟದ ಕೆಲಸಗಾರರ ಸಾಲುಮನೆಗಳು) ನೀರು ಕೊಡುತ್ತವೆ, ಉಳಿದದ್ದು ಕಕ್ಕಬ್ಬೆ ಹೊಳೆ ಸೇರಿ ಕಾವೇರಿಗೆ ಹೋಗುತ್ತದೆ. ಜನವರಿಯಲ್ಲಿ ಹರಿವು ಸಣ್ಣದು, ಬಿದ್ದದ್ದನ್ನು ತೆಳುವಾಗಿಸುವಷ್ಟು ನೀರಿರುವುದಿಲ್ಲ. ಮಗುವಿನ ಮಲ ನಿರುಪದ್ರವಿ ಎನ್ನುವ ನಂಬಿಕೆ ತಪ್ಪು. ಭೇದಿ ತರುವ ರೋಗಾಣುಗಳು, ಜಂತುಹುಳದ ಮೊಟ್ಟೆಗಳು ಮಕ್ಕಳ ಮಲದಲ್ಲಿ ದೊಡ್ಡವರದ್ದಕ್ಕಿಂತ ಕಡಿಮೆ ಇರುತ್ತವೆ ಎಂದೇನಿಲ್ಲ.

ಹಾಗಾದರೆ ತೋಟದೊಳಗೆ ಗಿಡದ ಮರೆಯಲ್ಲಿ? ಅದೂ ಬೇಡ. ಕೊಯ್ಲಿನವರು ನೆಲಕ್ಕೆ ಉದುರಿದ ಹಣ್ಣನ್ನು ಬರಿಗೈಯಲ್ಲಿ ಒಂದೊಂದಾಗಿ ತರಗೆಲೆ ಸರಿಸಿ ಹೆಕ್ಕುತ್ತಾರೆ, ಕೆಲವರು ಬರಿಗಾಲಲ್ಲಿ. ಬರಿಗಾಲಿನ ಚರ್ಮದ ಮೂಲಕ ಮೈಸೇರುವ ಕೊಕ್ಕೆಹುಳು ಹರಡುವುದು ಇಂಥ ನೆರಳಿನ ತೇವದ ಮಣ್ಣಿನಿಂದಲೇ. ಮೇಲಾಗಿ ಅದು ಒಬ್ಬರ ಜಮೀನು. ತೋಟದ ಹಂತದಲ್ಲಿ ಎರಡಕ್ಕೆ ಬಂದರೆ ಸರಿಯಾದ ದಾರಿ ಎರಡೇ: ಹತ್ತಿರದ ಮನೆಯಲ್ಲಿ ಕೇಳುವುದು, ಇಲ್ಲವೇ ಚೀಲದ ವಿಧಾನ. “ಅಕ್ಕಾ, ಮಗೂಗೆ ಅರ್ಜೆಂಟು, ನಿಮ್ಮ ಬಾತ್ರೂಮ್ ಕೊಡ್ತೀರಾ?” ಎಂದರೆ ಚಿಕ್ಕ ಮಗುವಿನ ಮುಖ ನೋಡಿ ಬೇಡ ಎನ್ನುವವರು ಕಡಿಮೆ. ಕೊಟ್ಟವರ ಬಾತ್ರೂಮಿಗೆ ಎರಡು ಬಕೆಟ್ ನೀರು ಹಾಕಿ ಚೊಕ್ಕ ಮಾಡಿ ಬನ್ನಿ.

ಚೀಲದ ವಿಧಾನ ಹೀಗೆ. ಚಿಕ್ಕ ಮಗು ಹೇಳಿದ ಮೇಲೆ ನಮಗೆ ಸಿಗುವುದು ಎರಡು ಮೂರು ನಿಮಿಷ, ಗುಂಡಿ ತೋಡಲು ಅದು ಸಾಲದು. ಮಡಚುವ ಪಾಟಿ ಸೀಟು ಇದ್ದರೆ ಅದಕ್ಕೆ, ಇಲ್ಲದಿದ್ದರೆ ಅಗಲ ಬಾಯಿಯ ಸಣ್ಣ ಪ್ಲಾಸ್ಟಿಕ್ ಟಬ್ಬಿಗೆ, ದಪ್ಪನೆಯ ಕಸದ ಚೀಲ ಹೊದಿಸಿ, ತಳಕ್ಕೆ ಒಂದು ಹಾಳೆ ಪೇಪರ್ ಹರಿದು ಹಾಕಿ. ಮಗು ಮುಗಿಸಿದ ಮೇಲೆ ಒಂದು ಚಮಚ ಅಡುಗೆ ಸೋಡಾ ಉದುರಿಸಿದರೆ ವಾಸನೆ ತಗ್ಗುತ್ತದೆ. ಗಾಳಿ ಹಿಂಡಿ ತೆಗೆದು ಗಂಟು ಹಾಕಿ. ಅದನ್ನು ಎರಡನೇ ಚೀಲಕ್ಕೆ, ಅದನ್ನು ಬಿಗಿ ಮುಚ್ಚಳದ ಡಬ್ಬಿಗೆ. ಡಬ್ಬಿ ಗಟ್ಟಿ ಇರಲಿ. ಬ್ಯಾಗಿನೊಳಗೆ ಬಾಟಲಿಯ ಒತ್ತಡಕ್ಕೆ ಬರಿ ಚೀಲ ಒಡೆಯುವುದೇ ಈ ವಿಧಾನದಲ್ಲಿ ಕೆಡುವ ಒಂದೇ ಜಾಗ. ತೊಳೆಸುವ ನೀರು ಚೀಲಕ್ಕೆ ಬೀಳಬಾರದು, ಭಾರವಾಗಿ ಸೋರುತ್ತದೆ. ಮೊದಲು ಪೇಪರಿನಲ್ಲಿ ಒರೆಸಿ ಅದನ್ನೂ ಚೀಲಕ್ಕೆ ಹಾಕಿ, ಆಮೇಲೆ ಪಕ್ಕಕ್ಕೆ ಸರಿಸಿ ಸ್ವಲ್ಪವೇ ನೀರಿನಲ್ಲಿ ತೊಳೆಸಿ.

ವೆಟ್ ವೈಪ್ಸ್ ಬಟ್ಟೆಯಂತೆ ಕಂಡರೂ ಹೆಚ್ಚಿನವುಗಳಲ್ಲಿ ಪ್ಲಾಸ್ಟಿಕ್ ಎಳೆ ಇರುತ್ತದೆ. ಕಲ್ಲಿನ ಕೆಳಗೆ ತುರುಕಿದ್ದು ಮುಂದಿನ ಜನವರಿಗೂ ಅಲ್ಲೇ ಇರುತ್ತದೆ. ಡೈಪರಿನದ್ದೂ ಇದೇ ಕಥೆ, ಹೂಳಿದರೆ ಹಂದಿಯೋ ನಾಯಿಯೋ ಕೆದರಿ ಎಳೆಯುತ್ತದೆ. ಘನತ್ಯಾಜ್ಯ ನಿಯಮಗಳು ಡೈಪರ್‌ಗಳನ್ನು ಬೇರೆಯಾಗಿ ಸುತ್ತಿ ಕೊಡಬೇಕು ಎನ್ನುತ್ತವೆ, ಕಾಡಿನ ದಾರಿಯಲ್ಲಿ ಅದರ ಅರ್ಥ ಹೊತ್ತು ತರಬೇಕು ಎಂದೇ.

ಇನ್ನು ಸ್ಯಾನಿಟೈಸರ್. ಕಣ್ಣಿಗೆ ಕಾಣುವ ಕೊಳೆ ಇರುವ ಕೈಯಲ್ಲಿ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ, ಜಂತುಹುಳದ ಮೊಟ್ಟೆಯನ್ನು ಕೊಲ್ಲುವುದೂ ಇಲ್ಲ. ತೊಳೆಸಿದ ಕೈಗೆ ಸೋಪು, ನೀರು, 20 ಸೆಕೆಂಡು ಉಜ್ಜುವುದು ಬೇಕೇ ಬೇಕು. ಮಗುವಿನ ಕೈ ಕೂಡ. ಅಪ್ಪ ಬಿಸ್ಕತ್ತು ಹಂಚಿದ ಆ ಹತ್ತು ನಿಮಿಷ ಇಡೀ ದಿನದಲ್ಲಿ ಅತಿ ಅಪಾಯದ್ದು.

ಗುಂಡಿ ತೋಡುವುದಾದರೆ

ತೋಟ ಮುಗಿದು ಕಾಡಿನಂಚು ಸಿಕ್ಕ ಮೇಲೆ ಮಣ್ಣು ಮೆತ್ತಗಿರುವ ಕಡೆ ಗುಂಡಿ ತೋಡಬಹುದು. ಕೈತೋಟಕ್ಕೆ ಬಳಸುವ ಕಬ್ಬಿಣದ ಚಿಕ್ಕ ಸಲಿಕೆ ಸಾಕು. ಪ್ಲಾಸ್ಟಿಕ್ಕಿನದ್ದು ಬೇರು ಸಿಕ್ಕಿದ ಕೂಡಲೇ ಮುರಿಯುತ್ತದೆ. ಆಳ 15ರಿಂದ 20 ಸೆಂಟಿಮೀಟರ್, ಅಂದರೆ ದೊಡ್ಡವರ ಒಂದು ಗೇಣಿಗೆ ಸ್ವಲ್ಪ ಕಡಿಮೆ. ಅಗಲ 15. ಇನ್ನೂ ಆಳ ತೋಡಿದರೆ ಒಳ್ಳೆಯದೇನಲ್ಲ. ಕೊಳೆಸುವ ಜೀವಿಗಳು ಮೇಲ್ಮಣ್ಣಿನಲ್ಲೇ ಹೆಚ್ಚು. ಕಡಿಮೆ ತೋಡಿದರೆ ಪ್ರಾಣಿ ಕೆದರುತ್ತದೆ, ಜೂನಿನ ಮಳೆ ಕೊಚ್ಚಿಕೊಂಡು ತೊರೆಗೇ ಹಾಕುತ್ತದೆ.

ನೀರಿನಿಂದ 60 ಮೀಟರ್ ದೂರ, ದೊಡ್ಡವರ 80 ಹೆಜ್ಜೆ. ಈಗ ಒಣಗಿ ನಿಂತ ಕೊರಕಲೂ ಮಳೆಗಾಲದಲ್ಲಿ ತೊರೆಯೇ, ಅದನ್ನೂ ನೀರೆಂದೇ ಲೆಕ್ಕ ಹಾಕಿ. ದಾರಿಯಿಂದಲೂ 60 ಮೀಟರ್ ಎಂಬ ಮಾತು ಕೇಳಿರುತ್ತೀರಿ. ಕೊಡಗಿನ ಕಾಡಿನಲ್ಲಿ ಚಿಕ್ಕ ಮಗುವಿನ ಜೊತೆ ಅಷ್ಟು ಒಳಗೆ ಹೋಗುವುದು ಬೇಡ ಎನ್ನುವುದು ನಮ್ಮ ಅಭಿಪ್ರಾಯ. ಆನೆ ಓಡಾಡುವ ಸೀಮೆ, ಹತ್ತು ಮೀಟರಿಗೇ ಮುಂದಿನದ್ದು ಕಾಣದ ಪೊದೆ. ನೀರಿನಿಂದ ದೂರದ ಲೆಕ್ಕದಲ್ಲಿ ರಾಜಿ ಬೇಡ. ದಾರಿಯಿಂದ 15-20 ಮೀಟರ್ ಸಾಕು, ಗುಂಡಿ ಸರಿಯಾಗಿ ಮುಚ್ಚಿದರೆ. ಒಬ್ಬರು ದೊಡ್ಡವರು ದಾರಿಯಲ್ಲೇ ನಿಂತು ಕಾಣುವಂತಿರಬೇಕು, ಇನ್ನೊಬ್ಬರು ಮಗುವಿನ ಜೊತೆ.

ಕೂರಿಸುವ ಮೊದಲು ಕೋಲಿನಿಂದ ನೆಲ ತಟ್ಟಿ, ತರಗೆಲೆ ಸರಿಸಿ ನೋಡಿ. ತಲೆ ಎತ್ತಿಯೂ ನೋಡಿ. ಈ ತಿಂಗಳಲ್ಲಿ ನಸುಗುನ್ನಿ ಕಾಯಿ ಒಣಗಿ ಬಳ್ಳಿಯಲ್ಲಿ ನೇತಾಡುತ್ತಿರುತ್ತದೆ. ಬಾಗಿದ ಕಾಯಿ, ಮೈಮೇಲೆ ಕಂದು ಮಖಮಲ್ಲಿನಂಥ ರೋಮ. ಬಳ್ಳಿ ಅಲುಗಿದರೆ ರೋಮ ಉದುರಿ ಬರಿಮೈಗೆ ತಾಗುತ್ತದೆ, ತುರಿಕೆಗೆ ಮಗು ಅಳು ನಿಲ್ಲಿಸುವುದಿಲ್ಲ. ತಾಗಿದರೆ ಉಜ್ಜಬೇಡಿ, ಅಂಟುಪಟ್ಟಿ ಒತ್ತಿ ಎಳೆದು ತೆಗೆದು ಆಮೇಲೆ ನೀರು ಹಾಕಿ. ಜಿಗಣೆ ಜನವರಿಯಲ್ಲಿ ಕಡಿಮೆ, ತೇವದ ತಗ್ಗಿನಲ್ಲಿ ಮಾತ್ರ ಸಿಗಬಹುದು. ಇದೇ ನಡಿಗೆ ಶಿವಮೊಗ್ಗ ಕಡೆಯ ಕಾಡಿನಲ್ಲಾದರೆ ಇನ್ನೊಂದು ಎಚ್ಚರ ಬೇಕು: 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಗುರುತಿಸಿದ ಮಂಗನ ಕಾಯಿಲೆಯನ್ನು ಹರಡುವ ಉಣುಗಿನ ಮರಿಗಳು ಮಳೆಯಿಲ್ಲದ ಈ ಒಣ ತಿಂಗಳುಗಳಲ್ಲೇ ತರಗೆಲೆಯಲ್ಲಿ ಇರುತ್ತವೆ. ಮಗುವನ್ನು ಬರಿಮೈಯಲ್ಲಿ ತರಗೆಲೆ ಮೇಲೆ ಕೂರಿಸಲೇಬಾರದು.

ಹಿಡಿದು ಕೂರಿಸುವುದಕ್ಕೂ ಒಂದು ರೀತಿ ಇದೆ. ಪ್ಯಾಂಟು, ಚಡ್ಡಿ ಒಂದು ಕಾಲಿನಿಂದ ಪೂರ್ತಿ ಬಿಚ್ಚಿ ಇನ್ನೊಂದು ಕಾಲಿನ ಮೊಣಕಾಲಿಗೆ ಏರಿಸಿ. ಇಳಿಜಾರಿನ ಕಡೆ ಮುಖ ಮಾಡಿಸಿ ಕೂರಿಸಿದರೆ ಹಿಮ್ಮಡಿ ತಾನಾಗಿ ಎತ್ತರದಲ್ಲಿರುತ್ತದೆ, ಕಮೋಡಿಗೆ ಒಗ್ಗಿದ ಮಕ್ಕಳಿಗೂ ಕುಕ್ಕರಗಾಲು ಸುಲಭ. ನೀವು ಎದುರಿಗೆ ಕೂತು ಎರಡೂ ಕೈ ಹಿಡಿದುಕೊಳ್ಳಿ. ಅದೂ ಆಗದ ಮಗುವಿಗೆ ಹಿಂದೆ ಕೂತು ಎರಡು ತೊಡೆಯ ಕೆಳಗೆ ಕೈ ಕೊಟ್ಟು, ಬೆನ್ನು ನಿಮ್ಮ ಎದೆಗೆ ಒರಗಿಸಿ ಎತ್ತಿ ಹಿಡಿಯಿರಿ. ನಮ್ಮ ಅಜ್ಜಿಯರು ಕೂಸುಗಳನ್ನು ಹಿಡಿಯುತ್ತಿದ್ದ ರೀತಿ ಇದೇ. ಅಪಾರ್ಟ್‌ಮೆಂಟಿನಲ್ಲಿ ಬೆಳೆದ ಮಕ್ಕಳಿಗೆ ಹೊರಡುವ ಎರಡು ವಾರ ಮೊದಲಿಂದ ದಿನಕ್ಕೆರಡು ಸಲ ಬಚ್ಚಲಲ್ಲಿ ಕುಕ್ಕರಗಾಲಲ್ಲಿ ಕೂತು ಸುಸ್ಸು ಮಾಡಿಸಿದರೆ ಕಾಡಿನಲ್ಲಿ ಹೊಸದೆನಿಸುವುದಿಲ್ಲ.

ತೊಳೆಸಲು ಅರ್ಧ ಲೀಟರ್ ಬಾಟಲಿಯ ಮುಚ್ಚಳಕ್ಕೆ ಕಾಯಿಸಿದ ದಬ್ಬಳದಿಂದ ನಾಲ್ಕೈದು ತೂತು ಮಾಡಿಟ್ಟುಕೊಳ್ಳಿ. ಹಿಂಡಿದರೆ ಸಣ್ಣ ಧಾರೆ ಬರುತ್ತದೆ, 250ರಿಂದ 300 ಮಿಲಿಲೀಟರಿನಲ್ಲಿ ಕೆಲಸ ಮುಗಿಯುತ್ತದೆ. ಚೊಂಬಿನಿಂದ ಹೊಯ್ದರೆ ಇದರ ಎರಡರಷ್ಟು ಬೇಕು, ಶೂ ಕೂಡ ಒದ್ದೆ. ನೀರು ಗುಂಡಿಯೊಳಗೇ ಬೀಳಲಿ. ಮೊದಲು ಅಗೆದಿಟ್ಟ ಮಣ್ಣು ಹಾಕಿ, ಕೋಲಿನಿಂದ ಕಲಸಿ, ಉಳಿದ ಮಣ್ಣು ತುಂಬಿ, ಕಾಲಿನಿಂದ ಒತ್ತಿ, ಮೇಲೆ ತರಗೆಲೆ ಎಳೆಯಿರಿ. ಸಲಿಕೆ ಮಲಕ್ಕೆ ತಾಗಬಾರದು. ಕಲಸಿದ ಕೋಲನ್ನು ಅಲ್ಲೇ ಹೂಳಿ. ಬಾಟಲಿ ಖಾಲಿಯಾದರೆ ತೊರೆಯಿಂದ ತುಂಬಿ ತನ್ನಿ, ಸೋಪಿನ ಕೈ ತೊಳೆಯುವುದು ತೊರೆಯಲ್ಲಿ ಬೇಡ, ದೂರದಲ್ಲೇ.

ಹುಲ್ಲುಗಾವಲಿನಲ್ಲಿ ಈ ಯಾವುದೂ ನಡೆಯುವುದಿಲ್ಲ. ನಾಲ್ಕು ಬೆರಳು ಅಗೆದರೆ ಬಂಡೆ ಸಿಗುವ ಕಡೆ ಗುಂಡಿಯ ಮಾತೇ ಇಲ್ಲ, ಚೀಲವೇ. ಪೇಪರು ಸುಡುವುದು ಎಲ್ಲೂ ಬೇಡ, ಜನವರಿಯ ಒಣಹುಲ್ಲಿನಲ್ಲಂತೂ ಕಿಡಿಯೊಂದು ಗುಡ್ಡವನ್ನೇ ಸುಡುತ್ತದೆ.

ಮಗನ ಒದ್ದೆ ಪ್ಯಾಂಟು

ಮೂರೂವರೆ ವರ್ಷದ ಮಗುವನ್ನು “ಬೇಕಾ?” ಎಂದು ಕೇಳಬಾರದು. ಆಟದ, ನಡಿಗೆಯ ಗುಂಗಿನಲ್ಲಿ ಉತ್ತರ ಯಾವಾಗಲೂ “ಬೇಡ”. ಮಕ್ಕಳ ಮೂತ್ರಕೋಶ ಎಷ್ಟು ಹಿಡಿಯುತ್ತದೆ ಎನ್ನಲು ಒಂದು ಸ್ಥೂಲ ಲೆಕ್ಕವಿದೆ: ವಯಸ್ಸಿಗೆ 1 ಕೂಡಿಸಿ 30ರಿಂದ ಗುಣಿಸಿ. ಇವನಿಗೆ 135 ಮಿಲಿಲೀಟರ್, ಅಕ್ಕನಿಗೆ 240. ಬೆಳಗಿನ ಹಾಲು, ಚಳಿ ಎರಡೂ ಮೂತ್ರ ಹೆಚ್ಚಿಸುತ್ತವೆ. ಹಾಗಾಗಿ ಗಡಿಯಾರ ನೋಡಿ ನಿಲ್ಲಿಸಬೇಕು: ಇವನಿಗೆ ಗಂಟೆಗೊಂದು ಸಲ, ಅವಳಿಗೆ ಎರಡು ಗಂಟೆಗೊಂದು. “ಈಗ ಎಲ್ಲರೂ ಸುಸ್ಸು ನಿಲ್ದಾಣ” ಎಂದು ಅಪ್ಪನೂ ಪಕ್ಕದಲ್ಲಿ ನಿಂತರೆ ತಕರಾರಿರುವುದಿಲ್ಲ. ಮೂತ್ರಕ್ಕೆ ದಾರಿಯಿಂದ ಏಳೆಂಟು ಮೀಟರ್ ಸಾಕು. ನೀರಿನ ಕಡೆ ಬೇಡ, ಬಂಡೆ ಮೇಲೂ ಬೇಡ (ಹಾರಿ ಕಾಲಿಗೇ ಬರುತ್ತದೆ, ವಾಸನೆಯೂ ಉಳಿಯುತ್ತದೆ), ಹುಲ್ಲು, ತರಗೆಲೆ ಇರುವ ಮಣ್ಣು ಒಳ್ಳೆಯದು.

ಇಂಥ ದಿನಕ್ಕೆ ಮತ್ತೆ ಡೈಪರ್ ಹಾಕಿಬಿಡೋಣ ಎಂದು ಅನ್ನಿಸುವುದು ಸಹಜ. ಹಗಲಿನ ಅಭ್ಯಾಸ ಬಿಡಿಸಿ ಐದಾರು ತಿಂಗಳೇ ಆಗಿರುವ ಮಗುವಿಗೆ ಅದು ಗೊಂದಲ. ನಡೆಯುವಾಗ ತುಂಬಿದ ಡೈಪರ್ ತೊಡೆಗೆ ಉಜ್ಜಿ ಒಂದು ಗಂಟೆಯಲ್ಲಿ ಕೆಂಪಗಾಗುತ್ತದೆ. ಕಾರಿನ ಘಾಟಿ ದಾರಿಗೆ ಬೇಕಾದರೆ ಹಾಕಿ, ನಡಿಗೆಗೆ ಬೇಡ. ಬದಲಿಗೆ ಎರಡು ಚಡ್ಡಿ, ಒಂದು ಪ್ಯಾಂಟು, ಒಂದು ಜೊತೆ ಕಾಲುಚೀಲ, ಪ್ರತಿ ಜೊತೆಯೂ ಬೇರೆ ಬೇರೆ ಜಿಪ್ ಕವರಿನಲ್ಲಿ. ಒದ್ದೆಯದ್ದು ಅದೇ ಕವರಿಗೆ ಹೋಗುತ್ತದೆ. ಕಾಲುಚೀಲ ಮರೆತದ್ದಕ್ಕೆ ಇಳಿಯುವಾಗ ಗುಳ್ಳೆ ಎದ್ದಿತು, ಅಪ್ಪ ಮೂರು ಕಿಲೋಮೀಟರ್ ಹೆಗಲ ಮೇಲೆ ಹೊತ್ತ. ಒದ್ದೆಯಾದಾಗ ಗದರಬಾರದು. ಗದರಿಸಿಕೊಂಡ ಮಗು ಮುಂದಿನ ಸಲ ಹೇಳುವುದಿಲ್ಲ, ಮುಚ್ಚಿಡುತ್ತದೆ.

ಮಗಳು ನೀರು ಬಿಟ್ಟದ್ದು

ಈ ದಿನದಲ್ಲಿ ನಮಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇದು. ಬಟ್ಟೆ ಒದ್ದೆಯಾದರೆ ಎಲ್ಲರಿಗೂ ಕಾಣುತ್ತದೆ, ನೀರು ಕುಡಿಯದ ಹುಡುಗಿ ಯಾರಿಗೂ ಕಾಣುವುದಿಲ್ಲ. ಬಸ್ ಪಯಣಕ್ಕೆ ಮೊದಲು ನೀರು ಬಿಡುವ ಅಮ್ಮ, ಅತ್ತೆ, ದೊಡ್ಡಮ್ಮಂದಿರನ್ನು ನೋಡಿಯೇ ಹೆಣ್ಣುಮಕ್ಕಳು ಇದನ್ನು ಕಲಿಯುವುದು. ಕಡಿಮೆ ನೀರು, ಬಿಗಿಹಿಡಿದ ಮೂತ್ರ, ಪೂರ್ತಿ ಖಾಲಿಯಾಗದ ಮೂತ್ರಕೋಶ, ಈ ಮೂರು ಸೇರಿದರೆ ಮೂತ್ರದ ಸೋಂಕಿಗೆ ದಾರಿ. ಮಲಬದ್ಧತೆಯೂ ಜೊತೆಗೆ ಬರುತ್ತದೆ.

ಅವಳಿಗೆ ಇನ್ನೂ ಒಂದು ಗೊಂದಲವಿತ್ತು. ಬಯಲಲ್ಲಿ ಹೋಗಬಾರದು ಎಂದು ಶಾಲೆಯಲ್ಲಿ ಕಲಿಸಿದ್ದಾರೆ. 2014ರಲ್ಲಿ ಸ್ವಚ್ಛ ಭಾರತ ಶುರುವಾದ ಮೇಲೆ ಹುಟ್ಟಿದ ಮಕ್ಕಳು ಗೋಡೆ ಮೇಲಿನ ಆ ಚಿತ್ರಗಳನ್ನು ನೋಡಿಯೇ ಬೆಳೆದವರು. “ಇಲ್ಲಿ ಪರವಾಗಿಲ್ಲ” ಎಂದರೆ ಅವಳಿಗೆ ಉತ್ತರ ಸಿಗುವುದಿಲ್ಲ. ಹಿಂದಿನ ರಾತ್ರಿಯೇ ಕೂರಿಸಿಕೊಂಡು ಹೇಳಬೇಕು: ಊರಲ್ಲಿ ದಿನಾ ನೂರು ಜನ ಒಂದೇ ಕಡೆ ತೆರೆದು ಬಿಟ್ಟು ಬಂದರೆ ನೀರು ಕೆಡುತ್ತೆ, ನೊಣ ಕೂರುತ್ತೆ. ನಾವು ನೀರಿಂದ ದೂರ ಹೋಗ್ತೀವಿ, ಗುಂಡಿ ತೋಡಿ ಮುಚ್ತೀವಿ, ಇಲ್ಲದಿದ್ರೆ ಡಬ್ಬೀಲಿ ವಾಪಸ್ ತರ್ತೀವಿ. ಸಾಮಾನು ತೋರಿಸಿ, ಸಲಿಕೆ ಅವಳ ಕೈಗೇ ಕೊಡಿ. ಏನು ನಡೆಯಲಿದೆ ಎಂದು ಗೊತ್ತಿರುವ ಮಗು ನೀರು ಕುಡಿಯುತ್ತದೆ.

ಮರೆಗೆ ಬೇಕಾದ್ದು ಒಂದು ದೊಡ್ಡ ಕೊಡೆ, ಒಂದು ಪಂಚೆ. ಇಳಿಜಾರಿನಲ್ಲಿ ಮಗು ಕೆಳಗಡೆಗೆ ಮುಖ ಮಾಡಿ ಕೂರಲಿ. ಕೊಡೆಯನ್ನು ಬಿಚ್ಚಿ ಜನ ಬರುವ ಕಡೆಗೆ ನೆಲಕ್ಕೆ ಊರಿ, ಇನ್ನೊಂದು ಕಡೆ ಅಮ್ಮ ಪಂಚೆ ಅಗಲಿಸಿ ಹಿಡಿದು ಬೆನ್ನು ತಿರುಗಿಸಿ ನಿಲ್ಲಲಿ. ಅಪ್ಪ ಮುಂದೆ ಹೋಗಿ ಬರುವವರಿಗೆ “ಒಂದು ನಿಮಿಷ, ಮಗಳಿದ್ದಾಳೆ” ಎನ್ನಲಿ, ಎಲ್ಲರೂ ನಿಲ್ಲುತ್ತಾರೆ. ಇದಕ್ಕಿಂತ ಒಳ್ಳೆಯದು ಹುಲ್ಲುಗಾವಲಿಗೆ ಕಾಲಿಡುವ ಮೊದಲು, ಶೋಲಾದ ಕೊನೆಯ ಮರಗಳ ನಡುವೆಯೇ ಎಲ್ಲರೂ ಮುಗಿಸಿಕೊಳ್ಳುವುದು. ಈ ದಾರಿಯಲ್ಲಿ ತಪ್ಪಿಸಲೇಬಾರದ ನಿಲ್ದಾಣ ಅದು.

ಬಟ್ಟೆಯ ವಿಷಯ. ಲೆಗ್ಗಿಂಗ್ಸ್, ಜಂಪ್‌ಸೂಟ್, ಬೆಲ್ಟು ಬೇಡ. ಸಡಿಲ ಇಲಾಸ್ಟಿಕ್ ಪ್ಯಾಂಟು, ಮೇಲೆ ಮೊಣಕಾಲಿನವರೆಗಿನ ಕುರ್ತಾ. ಕೂತರೆ ಕುರ್ತಾವೇ ಮರೆ. ಪ್ಯಾಂಟು ತೊಡೆಯಲ್ಲೇ ಸಿಕ್ಕಿಕೊಂಡಿದ್ದರೆ ಮೊಣಕಾಲು ಅಗಲವಾಗುವುದಿಲ್ಲ, ಅರ್ಧ ಬಗ್ಗಿ ನಿಂತರೆ ಕೆಳಹೊಟ್ಟೆ ಸಡಿಲವಾಗುವುದಿಲ್ಲ, ಎರಡರಲ್ಲೂ ಮೂತ್ರ ಉಳಿದುಬಿಡುತ್ತದೆ. ಪೂರ್ತಿ ಕೂತು, ನಿಧಾನವಾಗಿ ಹತ್ತು ಎಣಿಸಿ ಏಳಲಿ. ಆಮೇಲೆ ಹಳೇ ಹತ್ತಿ ಪಂಚೆಯ ಅಂಗೈಯಗಲದ ತುಂಡಿನಿಂದ ಮುಂದಿನಿಂದ ಹಿಂದಕ್ಕೆ ಒತ್ತಿ ಒರೆಸಿ. ಇಂಥ ಆರು ತುಂಡು ಒಂದು ಕವರಿನಲ್ಲಿ, ಬಳಸಿದ್ದು ಇನ್ನೊಂದರಲ್ಲಿ, ಸಂಜೆ ಒಗೆಯಲು. ತೊಡೆ ಸಂದಿಗೆ ಹೊರಡುವಾಗಲೇ ತೆಳುವಾಗಿ ಕೊಬ್ಬರಿ ಎಣ್ಣೆ ಸವರಿದ್ದರೆ ಆ ಉರಿ ಇರುತ್ತಿರಲಿಲ್ಲ.

ಅದೇ ದಿನ, ಇನ್ನೊಮ್ಮೆ

6:15ಕ್ಕೆ ಏಳಿಸುವುದು, 6:45ಕ್ಕೆ ತಿಂಡಿ, 7:10ಕ್ಕೆ ಬಕೆಟ್ಟಿನ ಮೇಲೆ ಪಾದ ಊರಿಸಿ ಕೂರಿಸುವುದು, ಆಗದಿದ್ದರೆ 7:40ಕ್ಕೆ ಇನ್ನೊಂದು ಸಲ. ಹೊರಡುವ ಕೊನೆಯ ಕ್ಷಣಕ್ಕೆ ನಾಲ್ವರೂ ಒಂದಕ್ಕೆ. 8:10ಕ್ಕೆ ನಡಿಗೆ. ತೋಟದ ಕೊನೆಯಲ್ಲಿ, ಶೋಲಾದ ನಡುವೆ, ಹುಲ್ಲುಗಾವಲಿನ ಮೊದಲು, ಹೀಗೆ ನಿಲ್ದಾಣಗಳು ಮೊದಲೇ ನಿಗದಿ. ಪ್ರತಿ 20 ನಿಮಿಷಕ್ಕೆ ಒಂದೆರಡು ಗುಟುಕು ನೀರು. ಗಂಟೆಗೆ ಮಗನಿಗೆ 100ರಿಂದ 150, ಮಗಳಿಗೆ 200 ಮಿಲಿಲೀಟರ್ ಹತ್ತಿರ. ಒಂದೇ ಸಲ ಗಟಗಟ ಕುಡಿಸಿದರೆ ಅದು ಅರ್ಧ ಗಂಟೆಯಲ್ಲಿ ಹೊರಗೆ ಬರುತ್ತದೆ. ಮೂತ್ರ ತಿಳಿ ಹಳದಿ ಇದೆಯೇ ಎಂದು ಒಂದು ಸಲ ನೋಡಿಕೊಳ್ಳಿ, ಕಡು ಹಳದಿ ಇದ್ದರೆ ನೀರು ಸಾಲದು. ಬುತ್ತಿ ಉಂಡ ಮೇಲೆ ಮತ್ತೆ ಅದೇ ಕರುಳಿನ ಲೆಕ್ಕ: ಉಂಡ ಕೂಡಲೇ ಎದ್ದು ಹೊರಡದೆ ಅರ್ಧ ಗಂಟೆ ಅಲ್ಲೇ ಆಡಲು ಬಿಡಿ, ಚೀಲ ಸಿದ್ಧವಿರಲಿ.

ಕುಡಿಯುವ ನೀರು ನಾಲ್ವರಿಗೆ 4 ಲೀಟರ್. ತೊಳೆಯುವುದು ಅದರಲ್ಲಿ ಸೇರುವುದಿಲ್ಲ, ಬೇರೆ ಒಂದೂವರೆ ಲೀಟರ್: ಎರಡಕ್ಕೆ ಒಂದು ಸಲಕ್ಕೆ 300, ಮಗುವಿನ ಕೈಗೆ 100, ದೊಡ್ಡವರ ಕೈಗೆ 150, ಅಂಥ ಎರಡು ಸಲ, ಉಳಿದದ್ದು ಬಿಸ್ಕತ್ತಿನ ಮೊದಲ ಕೈ ತೊಳೆತಕ್ಕೆ. ಸಲಿಕೆ, ತೂತಿನ ಬಾಟಲಿ, 50 ಮಿಲಿಲೀಟರ್ ಸೋಪಿನ ದ್ರವ, ಎಂಟು ಚೀಲ, ಪೇಪರು, ಸೋಡಾದ ಪೊಟ್ಟಣ, ಮುಚ್ಚಳದ ಡಬ್ಬಿ, ಹತ್ತಿ ತುಂಡುಗಳು ಎಲ್ಲ ಒಂದೇ ಕೈಚೀಲದಲ್ಲಿ, ಬ್ಯಾಗಿನ ಹೊರಗಡೆ ನೇತುಹಾಕಿ. ಬುತ್ತಿಯ ಕೆಳಗೆ ಸಿಕ್ಕಿಸಿಟ್ಟರೆ ಆ ಎರಡು ನಿಮಿಷದಲ್ಲಿ ಕೈಗೆ ಸಿಗುವುದಿಲ್ಲ.

ದಾರಿಯಲ್ಲಿ ನೀರುಭೇದಿ ಶುರುವಾದರೆ ಮುಂದೆ ಹೋಗುವ ಯೋಚನೆ ಬಿಟ್ಟು ಅಲ್ಲಿಂದಲೇ ಇಳಿಯಿರಿ. ಓಆರ್‌ಎಸ್ ಪೊಟ್ಟಣವನ್ನು ಅದರ ಮೇಲೆ ಬರೆದಷ್ಟೇ ಶುದ್ಧ ನೀರಿನಲ್ಲಿ ಕಲಸಿ ಗುಟುಕು ಗುಟುಕಾಗಿ ಕೊಡುತ್ತಾ ಬನ್ನಿ.

ಹೋಂಸ್ಟೇಗೆ ಮರಳಿದ ಮೇಲೆ ಡಬ್ಬಿಯೊಳಗಿನ ಚೀಲ ಬಿಚ್ಚಿ ಮಲವನ್ನು ಕಮೋಡಿಗೆ ಸುರಿದು ನೀರು ಬಿಡಿ. ಪೇಪರು, ಚೀಲ ಮತ್ತೆ ಗಂಟು ಕಟ್ಟಿ ಕಸಕ್ಕೆ. ಕಸ ಎಲ್ಲಿಗೆ ಹೋಗುತ್ತದೆಂದು ಮನೆಯವರನ್ನು ಕೇಳಿ, ತೋಟದ ಮೂಲೆಗೆ ಎಸೆಯುವುದಾದರೆ ನಿಮ್ಮ ಕಾರಿನಲ್ಲೇ ವಾಪಸ್ ಒಯ್ಯಿರಿ. ಡಬ್ಬಿ, ಸಲಿಕೆ ಸೋಪಿನಲ್ಲಿ ತೊಳೆದು ಬಿಸಿಲಿಗೆ ಇಡಿ. ಮಗಳನ್ನು ಮುಂದಿನ ಎರಡು ಮೂರು ದಿನ ಗಮನಿಸಿ. ಹೋಗುವಾಗ ಉರಿ, ಅಡಿಗಡಿಗೆ ಹೋಗುವುದು, ಜ್ವರ, ಕೆಳಹೊಟ್ಟೆ ನೋವು, ಒಣಗಿದ್ದ ಹಾಸಿಗೆ ಮತ್ತೆ ಒದ್ದೆಯಾಗುವುದು, ಇವುಗಳಲ್ಲಿ ಯಾವುದು ಕಂಡರೂ ಮಕ್ಕಳ ಡಾಕ್ಟರ ಹತ್ತಿರ ಮೂತ್ರ ಪರೀಕ್ಷೆ ಮಾಡಿಸಿ.